‘ದ್ರಾಕ್ಷಿ ಮುಗೀಲಿ’ ಎಂಬುದರ ಭಾವಾನುವಾದ

ಇಂಗ್ಲಿಷ್ ಬರುವವರಿಗೆ ಇಂಗ್ಲಿಷಿನಲ್ಲಿರುವುದೆಲ್ಲ ತಿಳಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ವಿಜಯಪುರದ ಕಾಲೇಜೊಂದರಲ್ಲಿ ವರ್ಷಾನುಗಟ್ಟಲೆ ಇಂಗ್ಲಿಷ್ ಕಲಿಸಿರುವ ನಾನೂ ಮೊನ್ನೆ ಮೊನ್ನೆಯವರೆಗೆ ಇದನ್ನು ನಂಬಿಕೊಂಡೇ ಬದುಕಿದ್ದೆ. ಗುಳಿಗೆಯ ಡಬ್ಬಿಯ ಮೇಲಿನ ಸಣ್ಣ ಅಕ್ಷರದಿಂದ ಹಿಡಿದು ಹೊಸ ಮಿಕ್ಸರಿನ ಜೊತೆ ಬರುವ ಕಾಗದದವರೆಗೆ ಓಣಿಯವರು ಏನು ತಂದರೂ ಕನ್ನಡಕ ಏರಿಸಿ ಓದಿ ಹೇಳುತ್ತಿದ್ದೆ. ತಿಳಿಯದಿದ್ದಾಗಲೂ ಹೇಳುತ್ತಿದ್ದೆ ಎನ್ನಿ; ಮಿಕ್ಸರು ಹೇಗೂ ತಿರುಗುತ್ತಿತ್ತು. ಆದರೆ ವಿದ್ವಾಂಸರು ಬರೆಯುವ ಇಂಗ್ಲಿಷಿನ ಸಂಗತಿಯೇ ಬೇರೆ. ಅಲ್ಲಿ ಒಂದೊಂದು ಶಬ್ದವೂ ಪರಿಚಯದ್ದೇ. ಎಲ್ಲ ಸೇರಿ ಒಂದು ವಾಕ್ಯದಲ್ಲಿ ಕೂತಾಗ ಮಾತ್ರ, ದೊಡ್ಡ ಮದುವೆಯಲ್ಲಿ ಗಂಡಿನ ಕಡೆಯವರು ಕೂತಂತೆ, ಒಬ್ಬರೂ ನಮ್ಮ ಗುರುತು ಹಿಡಿಯುವುದಿಲ್ಲ.

ಇದು ನನ್ನ ಅನುಭವಕ್ಕೆ ಬಂದದ್ದು ಪರಿಚಯದ ಪ್ರಕಾಶಕರೊಬ್ಬರು ಒಂದು ದಪ್ಪ ಪುಸ್ತಕ ಕಳಿಸಿ, “ಇದನ್ನ ಕನ್ನಡಕ್ಕ ಮಾಡಿಕೊಡ್ರಿ ಮೇಡಂ, ನಿಮ್ಮ ಕಡೀದs ವಿಷಯ ಐತಿ” ಎಂದಾಗ. ಹೊರದೇಶದ ವಿದ್ವಾಂಸರೊಬ್ಬರು ಬಯಲುಸೀಮೆಯ ಹಳ್ಳಿಗಳಲ್ಲಿ ಉಳಿದು, ನಮ್ಮ ಜನ ಹೆಣ್ಣು ಕೊಡುವ, ಹೆಣ್ಣು ತರುವ ಮಾತುಕತೆಯನ್ನು ಹೇಗೆ ನಡೆಸುತ್ತಾರೆ ಎಂದು ಬರೆದ ಪುಸ್ತಕ. ಮಮದಾಪುರದಲ್ಲಿ ಹುಟ್ಟಿ, ಅಂಥ ಮಾತುಕತೆಗಳಲ್ಲಿ ಚಹಾದ ತಾಟು ಹಿಡಿದು ಬಾಗಿಲ ಸಂದಿಯಲ್ಲಿ ನಿಂತು ಬೆಳೆದವಳು ನಾನು. ನನಗಲ್ಲದೆ ಇನ್ನಾರಿಗೆ ತಿಳಿದೀತು ಎಂದು ಹೂಂ ಅಂದುಬಿಟ್ಟೆ. ಮೊದಲ ಪುಟದಲ್ಲೇ ನನ್ನೂರು ನನಗೆ ಅಪರಿಚಿತವಾಯಿತು.

ಮೊದಲು ಎದುರಾದದ್ದು ‘ನಾಟ್ ಅನ್‌ಪ್ರಾಬ್ಲಮ್ಯಾಟಿಕ್’ ಎಂಬ ಮಾತು. ‘ಸಮಸ್ಯೆಯಿಲ್ಲದ್ದೇನೂ ಅಲ್ಲ’ ಎಂದು ಬರೆದೆ. ಬರೆದು ಓದಿದರೆ ಸಮಸ್ಯೆ ಇದೆಯೋ ಇಲ್ಲವೋ ನನಗೇ ತಿಳಿಯಲಿಲ್ಲ. ‘ತೊಡಕಿದೆ’ ಎಂದರೆ ಮುಗಿಯುತ್ತಿತ್ತು. ಅಷ್ಟು ಹೇಳಲು ಮಹಾನುಭಾವರು ಒಂದು ಇಲ್ಲವನ್ನು ತಂದು, ಅದನ್ನು ಹೊಡೆಯಲು ಇನ್ನೊಂದು ಇಲ್ಲವನ್ನು ತಂದಿದ್ದರು. ‘ಇಟ್ ಕುಡ್ ಬಿ ಆರ್ಗ್ಯೂಡ್’ ಎಂದು ಇನ್ನೊಂದು. ಹೀಗೆ ವಾದಿಸಬಹುದು ಎಂದರ್ಥ. ಯಾರು ವಾದಿಸಬಹುದು ಎಂದು ಹುಡುಕುತ್ತ ಹೋದರೆ ಮುಂದಿನ ಪುಟದಲ್ಲಿ ಅವರೇ ವಾದಿಸುತ್ತಿದ್ದರು. ‘ಲಿವ್ಡ್ ಎಕ್ಸ್‌ಪೀರಿಯನ್ಸ್’ ಎಂಬುದನ್ನು ‘ಬದುಕಿದ ಅನುಭವ’ ಎಂದು ಬರೆದು, ಸತ್ತವರಿಗೇನು ಅನುಭವ ಇರುತ್ತದೆಯೇ ಎಂದು ಹೊಡೆದುಹಾಕಿ, ‘ಜೀವಿತಾನುಭವ’ ಎಂದು ತಿದ್ದಿ, ಅದು ಯಾವುದೋ ಲೇಹ್ಯದ ಹೆಸರಿನಂತೆ ಕಂಡು, ಕೊನೆಗೆ ‘ತಾವೇ ಉಂಡು ಕಂಡದ್ದು’ ಎಂದು ಬರೆದ ದಿನ ನನಗೆ ನಾನೇ ಒಂದು ಚಹಾ ಮಾಡಿಕೊಂಡು ಕುಡಿದೆ.

ನಾನು ಓದುವಾಗ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರೊಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ಕಷ್ಟದ ವಾಕ್ಯ ಬಂದರೆ ಅದನ್ನು ನೇರ ಕನ್ನಡಕ್ಕೆ ತರಲು ಹೋಗಬೇಡಿ, ಮೊದಲು ಅದನ್ನೇ ಸುಲಭ ಇಂಗ್ಲಿಷಿನಲ್ಲಿ ನಿಮ್ಮ ಮಾತಾಗಿ ಹೇಳಿಕೊಳ್ಳಿ, ಆಮೇಲೆ ಮನೆಯಲ್ಲಿ ಕೆಲಸದ ನಡುವೆ ಕಿವಿಗೊಟ್ಟವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿ ಎಂದು. ನಮ್ಮ ಮನೆಯಲ್ಲಿ ಕೆಲಸದ ನಡುವೆ ಕಿವಿಗೊಡುವವರೆಂದರೆ ನನ್ನ ಯಜಮಾನರೇ. ಅವರದು ಗಾಂಧಿ ಚೌಕದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದಾಗ ಅವರ ಎದುರಿಗೆ ಕೂತು ನಾನು ಆ ದಿನದ ವಾಕ್ಯ ಓದುತ್ತಿದ್ದೆ. ಅವರು ರೊಟ್ಟಿ ಮುರಿಯುತ್ತ, “ಅಂದ್ರ?” ಎನ್ನುತ್ತಿದ್ದರು. ನಾನು ತಿದ್ದಿ ಓದುತ್ತಿದ್ದೆ. ಮತ್ತೆ, “ಅಂದ್ರ?” ಅವರು ಅಂದ್ರ ಅನ್ನದೆ ಪಲ್ಯ ಕೇಳಿದರೆ ವಾಕ್ಯ ಪಾಸಾಯಿತು ಎಂದು ಲೆಕ್ಕ. ಎಷ್ಟೋ ಮಧ್ಯಾಹ್ನ ಪಾಪ, ಅವರು ವಾಕ್ಯ ತಿಳಿಯದಿದ್ದರೂ ಪಲ್ಯ ಕೇಳಿದ್ದುಂಟು, ಅಂಗಡಿಗೆ ಹೊತ್ತಾಗುತ್ತಿತ್ತು.

ಹೀಗೆ ಕೆಲಸ ಸಾಗುತ್ತ ನನಗೊಂದು ಧೈರ್ಯ ಬಂತು. ವಿದ್ವಾಂಸರ ವಾಕ್ಯದಲ್ಲಿ ಕಾಳು ಕಡಿಮೆ, ಹೊಟ್ಟು ಹೆಚ್ಚು ಎಂಬ ತೀರ್ಮಾನಕ್ಕೆ ಬಂದೆ. ‘ಪರ್‌ಹ್ಯಾಪ್ಸ್’, ‘ಟು ಸಮ್ ಎಕ್ಸ್‌ಟೆಂಟ್’, ‘ಇಟ್ ವುಡ್ ಅಪಿಯರ್’, ಅಂದರೆ ಬಹುಶಃ, ಸ್ವಲ್ಪಮಟ್ಟಿಗೆ, ಹಾಗೆ ಕಾಣುತ್ತದೆ, ಇವೆಲ್ಲ ಏನು? ನಾಳೆ ಯಾರಾದರೂ ತಪ್ಪು ಹಿಡಿದರೆ ಜಾರಿಕೊಳ್ಳಲು ತೆರೆದಿಟ್ಟ ಹಿತ್ತಲ ಬಾಗಿಲು. ನಮ್ಮ ಕನ್ನಡದ ಓದುಗರಿಗೆ ಇದರ ಗೊಡವೆ ಯಾಕೆ? ಅವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುವಂತೆ ನಾನು ವಾಕ್ಯಗಳನ್ನು ಕೇರತೊಡಗಿದೆ. ಬಹುಶಃಗಳು ಹಾರಿಹೋದವು. ಇಂಗ್ಲಿಷಿನ ಒಂದು ಪುಟ ಕನ್ನಡದಲ್ಲಿ ಅರ್ಧ ಪುಟವಾಗತೊಡಗಿತು. ಅವ್ವ ಕೇರುವಾಗ ಹಾರಿದ್ದನ್ನೂ ಒಮ್ಮೆ ಬಗ್ಗಿ ನೋಡುತ್ತಿದ್ದಳು. ಆ ಭಾಗವನ್ನು ನಾನು ಕಲಿತಿರಲಿಲ್ಲ.

ಆಮೇಲೆ ಆ ವಾಕ್ಯ ಬಂತು. ‘ಡಿಫರಲ್ ಮೇ, ಅಂಡರ್ ಸರ್ಟನ್ ಕಂಡೀಷನ್ಸ್, ಕಾನ್‌ಸ್ಟಿಟ್ಯೂಟ್ ಎ ಸೋಷಿಯಲಿ ಲೆಜಿಬಲ್ ಮೋಡ್ ಆಫ್ ರೆಫ್ಯೂಸಲ್.’ ಮೊದಲ ದಿನ ಅದನ್ನು, ‘ಮುಂದೂಡಿಕೆಯು ಕೆಲವು ಸಂದರ್ಭಗಳಲ್ಲಿ ಸಾಮಾಜಿಕವಾಗಿ ಓದಬಲ್ಲ ನಿರಾಕರಣೆಯ ವಿಧಾನವೊಂದನ್ನು ರೂಪಿಸಬಹುದು’ ಎಂದು ಬರೆದು ಯಜಮಾನರಿಗೆ ಓದಿದೆ. ಅವರು ಅಂದ್ರ ಎನ್ನಲಿಲ್ಲ, ಪಲ್ಯವನ್ನೂ ಕೇಳಲಿಲ್ಲ. ನನ್ನ ಮುಖ ನೋಡಿ, “ಜ್ವರಾ ಗಿರಾ ಬಂದೈತೇನು?” ಎಂದರು. ಆ ವಾಕ್ಯ ಒಂದು ವಾರ ನನ್ನ ಜೊತೆಗೇ ಇತ್ತು. ಪಾಠ ಮಾಡುವಾಗ, ಪಲ್ಯ ಹೆಚ್ಚುವಾಗ, ತವರಿಗೆ ಹೋಗುವ ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಓದಬಲ್ಲ ನಿರಾಕರಣೆ ಎಂದರೇನು ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಒಂದು ಸಂಜೆ ಅಂಗಡಿಗೆ ಹೋಗಿ ಕೂತಿದ್ದೆ. ಒಬ್ಬ ಹೆಣ್ಣುಮಗಳು ಹಂಡೆಗಳನ್ನೆಲ್ಲ ಕೆಳಗಿಳಿಸಿ, ಬಡಿದು, ತಿರುವಿ ನೋಡಿ, “ಬರೂಮುಂದ ಒಯ್ತೀವಿ ತಗೋರಿ” ಎಂದು ಹೋದಳು. ಯಜಮಾನರು ಸುಮ್ಮನೆ ಹಂಡೆಗಳನ್ನು ಮೇಲೆ ಏರಿಸತೊಡಗಿದರು. “ಬರ್ತಾಳಂತಲ್ರಿ, ಯಾಕ ಏರಸ್ತೀರಿ?” ಎಂದೆ. “ಬರೂಮುಂದ ಒಯ್ತೀನಿ ಅಂದಾಕಿ ಇವತ್ತಿನತನಾ ಒಬ್ಬಾಕೀನೂ ಬಂದಿಲ್ಲ. ಬ್ಯಾಡ ಅನ್ನಾಕ ಮುಖ ಬರೂದಿಲ್ಲ, ಅದಕ್ಕ ಹಂಗ ಅಂತಾರ” ಎಂದರು. ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಒಂದು ವಾರ ಕಾಡಿದ ವಾಕ್ಯ ಗಾಂಧಿ ಚೌಕದಲ್ಲಿ ಬಿಡಿಸಿಕೊಂಡು ಬಿದ್ದಿತ್ತು. ಮನೆಗೆ ಬಂದು ‘ಮೇ’ಯನ್ನೂ ‘ಅಂಡರ್ ಸರ್ಟನ್ ಕಂಡೀಷನ್ಸ್’ ಅನ್ನೂ, ಅಂದರೆ ‘ಬಹುದು’, ‘ಕೆಲವು ಸಂದರ್ಭಗಳಲ್ಲಿ’ ಎಂಬ ಎರಡನ್ನೂ, ಕೇರಿ ಹಾಕಿ, ಹೀಗೆ ಬರೆದೆ: ‘ಆಮೇಲೆ ನೋಡೋಣ ಎಂದರೆ ಬೇಡ ಎಂದರ್ಥ.’ ಇಷ್ಟು ಚೆಂದದ ವಾಕ್ಯವನ್ನು ನಾನು ಅದುವರೆಗೆ ಬರೆದಿರಲಿಲ್ಲ.

ಬರೆದು ಸುಮ್ಮನಿರಬೇಕಿತ್ತು. ಆದರೆ ಅದೇ ದಿನಗಳಲ್ಲಿ ನಮ್ಮಣ್ಣನ ಮಗಳು ಗೌರಿಗೆ ಒಂದು ಸಂಬಂಧ ಬಂದಿತ್ತು. ಅಣ್ಣನದು ಮಮದಾಪುರದಲ್ಲಿ ಹೊಲಮನೆ. ಗೌರಿ ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮಾತು ಕಡಿಮೆ, ಲೆಕ್ಕ ತಪ್ಪಿದರೆ ಮಾತ್ರ ಬಾಯಿ ತೆರೆಯುವ ಹುಡುಗಿ. ಹುಡುಗ ಶಿವಾನಂದ, ತಿಕೋಟಾದವನು. ದ್ರಾಕ್ಷಿ ಬೆಳೆದು, ಒಣಗಿಸಿ, ಮನುಕ ಮಾಡಿ ಮಾರುವ ಮನೆತನ. ತಂದೆ ಇಲ್ಲ, ತಾಯಿ ಶಾಂತವ್ವನವರೇ ಎಲ್ಲ ನಡೆಸುವವರು. ಎರಡೂ ಕಡೆಯವರಿಗೆ ಅನುಕೂಲವೆಂದು ಹೆಣ್ಣು ನೋಡುವ ಶಾಸ್ತ್ರ ವಿಜಯಪುರದ ನಮ್ಮ ಮನೆಯಲ್ಲೇ ನಡೆಯಿತು. ಹುಡುಗ ಹುಡುಗಿ ಮಾತಾಡಲೆಂದು ಮನೆ ಮೇಲಿನ ಗಚ್ಚಿಗೆ ಹೋದರು. ಚಹಾ ಆರಿ, ಮತ್ತೆ ಕಾಯಿಸಿ, ಮತ್ತೆ ಆರಿತು. ಕೊನೆಗೆ ಇಳಿದು ಬಂದಾಗ ಗೌರಿ ನಗುತ್ತಿದ್ದಳು. ಆ ಹುಡುಗಿಯ ಹಲ್ಲು ಅಷ್ಟು ಚೆಂದ ಎಂದು ನಾನು ಅವತ್ತೇ ನೋಡಿದ್ದು. ಹೊರಡುವಾಗ ಶಾಂತವ್ವನವರು ಚಪ್ಪಲಿ ಮೆಟ್ಟುತ್ತ, “ದ್ರಾಕ್ಷಿ ಮುಗೀಲ್ರಿ, ಆಮ್ಯಾಲ ಮಾತಾಡೂಣು” ಎಂದು ಹೇಳಿ ಹೋದರು.

ಬಾಗಿಲು ಹಾಕಿ ನಾನು ಒಳಗೆ ಬಂದಾಗ ಅಣ್ಣ, “ಏನಂದ್ರು ತಂಗಿ?” ಎಂದ. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ, ದ್ರಾಕ್ಷಿ ಮುಗಿದ ಮೇಲೆ ಮಾತಾಡೋಣ ಅಂದರು ಎಂದು ಹೇಳಿ ಸುಮ್ಮನಾಗುತ್ತಿದ್ದರು. ನಾನು ವಾಕ್ಯ ಬಿಡಿಸಿದವಳು. ಮೊದಲು ಒಂದಿಷ್ಟು ದಿನ ಕಾಯೋಣ ಎಂದೆ. ಕಾದೆವು. ಅತ್ತ ಕಡೆಯಿಂದ ಫೋನಿಲ್ಲ, ಸುದ್ದಿಯಿಲ್ಲ. ಯಜಮಾನರನ್ನು ಕೇಳಿದೆ. “ದ್ರಾಕ್ಷಿಗೂ ಮಾತಿಗೂ ಏನ್ ಸಂಬಂಧ? ಗಿಡದಾಗಿನ ದ್ರಾಕ್ಷಿ ಬಾಯಿಗೆ ಅಡ್ಡ ಬರ್ತಾವೇನು?” ಎಂದರು. ಅವರ ತಲೆಯಲ್ಲಿ ಹಂಡೆಯ ಹೆಣ್ಣುಮಗಳಿದ್ದಳು, ನನ್ನ ತಲೆಯಲ್ಲಿ ಪುಸ್ತಕವಿತ್ತು. ಇಬ್ಬರೂ ಕೂಡಿ ಅಣ್ಣನಿಗೆ ಫೋನ್ ಮಾಡಿ, ಅದು ಬೇಡ ಎಂದ ಹಾಗೆಯೇ ಎಂದು ಹೇಳಿದೆವು. ಅಣ್ಣ, “ನಿನ್ನಷ್ಟು ಓದಿದಾಕಿ ನಮ್ಮ ಮನೆತನದಾಗ ಯಾರಿಲ್ಲ. ನೀ ಅಂದ್ರ ಖರೆ” ಎಂದ. ಈ ಮಾತಿಗೆ ನಾನು ಒಳಗೊಳಗೇ ಉಬ್ಬಿದ್ದನ್ನು ಈಗ ನೆನೆದರೆ ಮೈ ಮುದುಡುತ್ತದೆ.

ಇನ್ನು ಹೆಣ್ಣಿನ ಕಡೆಯ ಮಾನ ಉಳಿಸುವ ಕೆಲಸ. ಅವರು ಬೇಡ ಎನ್ನುವ ಮೊದಲೇ ನಾವು ಏನಾದರೂ ಹೇಳಿ ಸರಿದುಕೊಂಡರೆ, ನಾಳೆ ಯಾರ ಎದುರಿಗೂ ತಲೆ ತಗ್ಗಿಸಬೇಕಾಗುವುದಿಲ್ಲ. ಅದಕ್ಕೆ ನಮ್ಮಲ್ಲಿ ಎಲ್ಲರೂ ಬಳಸುವ ಒಂದು ಮಾತಿದೆ. ನಾನು ಶಾಂತವ್ವನವರಿಗೆ ಫೋನ್ ಮಾಡಿ, ದನಿ ತಗ್ಗಿಸಿ, “ನಮ್ಮ ಹುಡುಗಿ ಇನ್ನೂ ಮುಂದ ಓದಬೇಕು ಅಂತಾಳ್ರಿ” ಎಂದೆ. ಗೌರಿಗೆ ಓದು ಸಾಕಾಗಿ ಎಷ್ಟೋ ವರ್ಷವಾಗಿತ್ತು. ಅತ್ತ ಕಡೆ ಯಾವುದೋ ಯಂತ್ರದ ಸದ್ದು, ಹೆಣ್ಣಾಳುಗಳ ಗದ್ದಲ. ಅದರ ನಡುವೆ ಶಾಂತವ್ವನವರು ಎತ್ತರದ ದನಿಯಲ್ಲಿ, “ಓದ್ಲಿ ಬಿಡ್ರಿ, ಚಲೋ ಆತು. ದ್ರಾಕ್ಷಿ ಮುಗೀಲಿ, ಮಾತಾಡೂಣು” ಎಂದು ಫೋನ್ ಇಟ್ಟರು. ನೋಡಿ, ಎರಡನೇ ಸಲವೂ ಅದೇ ಉತ್ತರ. ಓದಬಲ್ಲ ನಿರಾಕರಣೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಓದುವುದು ಹೇಗೆ? ಅಣ್ಣ ಬೇರೆ ಕಡೆ ಮಾತು ತೆಗೆದ. ಭೂತನಾಳದ ಹತ್ತಿರದ ಒಂದು ಮನೆತನದವರು ಮುಂದಿನ ಸೋಮವಾರ ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು.

ಆ ಸೋಮವಾರಕ್ಕೆ ಇನ್ನೆರಡು ದಿನವಿರುವಾಗ ಗೌರಿ ಶಾಲೆ ಬಿಟ್ಟವಳೇ ಬಬಲೇಶ್ವರದಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ನಾನು ಪುಸ್ತಕ ಹರವಿಕೊಂಡು ಕೂತಿದ್ದೆ. ಚೀಲ ಕೂಡ ಇಳಿಸದೆ ಎದುರಿಗೆ ನಿಂತು ಕೇಳಿದಳು, “ಅತ್ತಿ, ಬ್ಯಾಡ ಅಂತ ಅವ್ರು ಅಂದ್ರೋ, ನೀ ತಿಳ್ಕೊಂಡ್ಯೋ?”

ನಾನು ಬಾಯಿ ತೆರೆದೆ. ಒಂದು ಸಮಾಜ ತನ್ನ ನಿರಾಕರಣೆಯನ್ನು ಹೇಗೆ ಸೂಚಿಸುತ್ತದೆ ಎಂಬುದರಿಂದ ಆರಂಭಿಸಿದೆ ಕೂಡ. ಅವಳು ಕಪ್ಪುಹಲಗೆಯ ಮೇಲೆ ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವಂತೆ ನೋಡುತ್ತ ನಿಂತಳು. “ಅವ್ರು ಅಂದದ್ದಷ್ಟ ಹೇಳು, ಅತ್ತಿ” ಎಂದಳು. ಹೇಳಿದೆ. ದ್ರಾಕ್ಷಿ ಮುಗೀಲಿ, ಆಮ್ಯಾಲ ಮಾತಾಡೂಣು. “ಮತ್ತ ದ್ರಾಕ್ಷಿ ಮುಗದಾವೇನು?” ಎಂದಳು. ಅದನ್ನು ನಾನು ವಿಚಾರಿಸಿರಲಿಲ್ಲ. ಇಡೀ ಪುಸ್ತಕದ ಅಡಿಟಿಪ್ಪಣಿಗಳನ್ನೆಲ್ಲ ವಿಚಾರಿಸಿದ್ದೆ, ತಿಕೋಟಾದ ದ್ರಾಕ್ಷಿಯನ್ನು ಬಿಟ್ಟು. ಗೌರಿ ಚೀಲ ಇಳಿಸಿ ಕುರ್ಚಿಯಲ್ಲಿ ಕುಸಿದು ಕೂತು, ಕಿಟಕಿಯ ಕಡೆ ಮುಖ ಮಾಡಿ, “ನನಗ ಅವ್ರು ಮನಸಿಗೆ ಬಂದಾರ ಅತ್ತಿ. ಅಪ್ಪಾಗ ಹೇಳಾಕ ನನಗ ಬಾಯಿ ಬರವಲ್ದು” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮಾತು ಕಡಿಮೆಯ ಹುಡುಗಿ ಇಷ್ಟು ಹೇಳಿದ್ದೇ ದೊಡ್ಡದು. ಇದನ್ನು ಅರ್ಥ ಮಾಡಿಕೊಳ್ಳಲು ಸುಲಭ ಇಂಗ್ಲಿಷಿನಲ್ಲಿ ಹೇಳಿಕೊಳ್ಳಬೇಕಾಗಲಿಲ್ಲ.

ಮರುದಿನ ರವಿವಾರ, ಮನುಕ ಕೊಳ್ಳುವ ನೆಪ ಮಾಡಿಕೊಂಡು ತಿಕೋಟಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ವಾಕ್ಯ ಕಟ್ಟುತ್ತಿದ್ದೆ. ಕಟ್ಟಿದ ವಾಕ್ಯದಲ್ಲೆಲ್ಲ ಬಹುಶಃಗಳೇ ತುಂಬಿದ್ದವು. ಶಾಂತವ್ವನವರ ಮನೆ ತೋಟದಲ್ಲೇ. ಅದರ ಪಕ್ಕಕ್ಕೆ ದ್ರಾಕ್ಷಿ ಒಣಗಿಸುವ ದೊಡ್ಡ ಶೆಡ್ಡು, ಒಳಗೆ ಒಂದರ ಮೇಲೊಂದರಂತೆ ಜಾಳಿಗೆ ಕಟ್ಟಿದ ಅಟ್ಟಗಳು, ಅವುಗಳ ಮೇಲೆಲ್ಲ ಹರವಿದ ದ್ರಾಕ್ಷಿ. ತಲೆಗೆ ಟವೆಲು ಸುತ್ತಿಕೊಂಡು ಆಳುಗಳ ನಡುವೆ ನಿಂತಿದ್ದ ಶಾಂತವ್ವನವರು ನನ್ನನ್ನು ಕಂಡವರೇ, “ಬರ್ರಿ ಬೀಗತಿ, ಬರ್ರಿ. ಒಂದ ಫೋನ್ ಮಾಡಿ ಬರಬಾರದೇನ್ರಿ, ಏನಾರ ಸಿಹಿ ಮಾಡಸ್ತಿದ್ದೆ. ಕೈ ಎಲ್ಲಾ ಅಂಟ ಆಗ್ಯಾವ” ಎಂದರು.

ಬೀಗತಿ. ಸಂಬಂಧ ಕೂಡಿದ ಮೇಲೆ ಕರೆಯುವ ಹೆಸರು ಅದು. ಹಾಗೆ ಕರೆದ ಮೇಲೆ ಇನ್ನು ಬಿಡಿಸಲು ಯಾವ ವಾಕ್ಯವೂ ಉಳಿದಿರಲಿಲ್ಲ. ನಾನು ಅಲ್ಲೇ ಒಂದು ಕ್ರೇಟಿನ ಮೇಲೆ ಕೂತುಬಿಟ್ಟೆ. ಅವರು ಕೈ ತೊಳೆದು ಬಂದು ಪಕ್ಕದಲ್ಲಿ ಕೂತು, ತಾವಾಗಿಯೇ ಹೇಳಿದರು. “ನಾ ಹೇಳಿದ್ನೆಲ್ರಿ, ದ್ರಾಕ್ಷಿ ಮುಗೀಲಿ ಅಂತ. ಒಂದಿಷ್ಟ ಮೋಡ ಆದ್ರ ಸಾಕು, ನಮ್ಮ ಜೀವ ಬಾಯಿಗೆ ಬರ್ತೈತಿ. ಇಂಥಾದ್ರಾಗ ನಿಮ್ಮ ಮನ್ಯಾಗ ಬಂದು ಕುಂತ್ರ ಅರ್ಧ ಮನಸು ಇಲ್ಲೇ ಇರ್ತೈತಿ. ಮದವಿ ಮಾತು ಅರ್ಧ ಮನಸಿಲೆ ಆಡಬಾರದ್ರಿ. ಇನ್ನೊಂದ ವಾರ, ಇವೂ ಇಳೀತಾವ. ಆಮ್ಯಾಲ ನಾವs ಬರ್ತೀವಿ.” ಅವರ ಮಾತಿನಲ್ಲಿ ದ್ರಾಕ್ಷಿ ಎಂದರೆ ದ್ರಾಕ್ಷಿ, ಮುಗಿಯುವುದು ಎಂದರೆ ಮುಗಿಯುವುದು, ಆಮೇಲೆ ಎಂದರೆ ಆಮೇಲೆ. ನನಗೆ ಸಂತೋಷವೂ ನಾಚಿಕೆಯೂ ಒಟ್ಟಿಗೆ ಬಂದು, ಕೈಗೆ ಸಿಕ್ಕ ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡೆ. ಅದು ಒಣಗಿಸಲೆಂದು ಎಣ್ಣೆಯ ದ್ರಾವಣದಲ್ಲಿ ಅದ್ದಿದ್ದು. ಉಗುಳಲೂ ಆಗದೆ ನುಂಗಿದೆ.

ನನ್ನ ಶಿಕ್ಷೆ ಅಲ್ಲಿಗೇ ಮುಗಿಯಲಿಲ್ಲ. “ಒಳಗ ಬರ್ರಿ, ಒಂದ ತೋರಸ್ತೀನಿ” ಎಂದು ಮನೆಯೊಳಗೆ ಕರೆದೊಯ್ದರು. ಪಡಸಾಲೆಯ ಪಕ್ಕದ ಕೋಣೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಪಾಲಿಶಿನ ವಾಸನೆ ಇನ್ನೂ ಆರದ ಒಂದು ಹೊಸ ಮೇಜು, ಜೊತೆಗೊಂದು ಕುರ್ಚಿ. “ಹುಡುಗಿ ಮುಂದ ಓದಬೇಕು ಅಂತಾಳ ಅಂದ್ರಲ್ರಿ. ಶಿವಾನಂದ ಮರುದಿನಾನs ಬಡಿಗ್ಯಾಗ ಹೇಳಿ ಮಾಡಿಸ್ಯಾನ. ನಾ ಏಳನೇತ್ತಕ್ಕ ಸಾಲಿ ಬಿಟ್ಟಾಕ್ರಿ, ಬಿಡಿಸಿದ್ರು. ಈಕಿ ಎಷ್ಟ ಓದ್ತಾಳ ಓದ್ಲಿ” ಎಂದು ಸೆರಗಿನಿಂದ ಮೇಜನ್ನು ಒರೆಸಿದರು. ನಾನು ಮಾನ ಉಳಿಸಿಕೊಳ್ಳಲು ಆಡಿದ ಸುಳ್ಳು ಅಲ್ಲಿ ನಾಲ್ಕು ಕಾಲೂರಿ ನಿಂತಿತ್ತು. ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಶಾಂತವ್ವನವರು ಆ ಮೇಜನ್ನು ಒರೆಸಿದ ರೀತಿ ನೋಡಿದ ಮೇಲೆ ಅದು ನನ್ನಿಂದಾಗಲಿಲ್ಲ. “ಹೌದ್ರಿ, ಭಾಳ ಓದಬೇಕಂತಾಳ” ಎಂದೆ.

ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಅಣ್ಣನಿಗೆ ಫೋನ್ ಮಾಡಿ, ಇವರು ಒಪ್ಪಿದ್ದಾರೆ, ನಾಳೆ ಬರುವವರನ್ನು ನಿಲ್ಲಿಸು ಎಂದೆ. ಅಣ್ಣ ಸಂತೋಷಪಟ್ಟ, ಕೂಡಲೇ ಗಾಬರಿಯಾದ. “ಭೂತನಾಳ ಕಡೆಯವ್ರಿಗೆ ಏನಂತ ಹೇಳ್ಲಿ? ಮುಖಕ್ಕ ಹೊಡದಂಗ ಬ್ಯಾಡ ಅನ್ನಾಕ ಬರೂದಿಲ್ಲ” ಎಂದ. ನಾನು ಯೋಚಿಸಲೂ ಇಲ್ಲ. “ಆಮ್ಯಾಲ ನೋಡೂಣು ಅಂತ ಹೇಳು” ಎಂದೆ. ಅಣ್ಣ ಹಾಗೇ ಹೇಳಿದ. ಅವರೂ, “ಆತು ತಗೋರಿ” ಎಂದು, ಒಂದಿಷ್ಟೂ ಬೇಸರಿಸದೆ ಮರುವಾರವೇ ಬೇರೆ ಕಡೆ ಹೆಣ್ಣು ನೋಡಿದರಂತೆ.

ವಿಜಯಪುರ ಹತ್ತಿರವಾಗುವ ಹೊತ್ತಿಗೆ ಬಸ್ಸಿನಲ್ಲಿ ನನಗೆ ಆ ವಿದ್ವಾಂಸರ ನೆನಪು ಬಂತು. ಅದೇ ಮಾತು ತಿಕೋಟಾದಲ್ಲಿ ಬೇಡ ಎಂದಾಗಿರಲಿಲ್ಲ. ಅದೇ ಮಾತು ಭೂತನಾಳದ ಕಡೆ ಬೇಡ ಎಂದೇ ಆಗಿತ್ತು. ಪಾಪ, ವಿದ್ವಾಂಸರು ಹೇಳಿಯೇ ಇದ್ದರು. ‘ಮೇ’ ಎಂದಿದ್ದರು, ‘ಅಂಡರ್ ಸರ್ಟನ್ ಕಂಡೀಷನ್ಸ್’ ಎಂದಿದ್ದರು. ಜಾರಿಕೊಳ್ಳುವ ಹಿತ್ತಲ ಬಾಗಿಲೆಂದು ನಾನು ಬಗೆದದ್ದು ಅವರ ಮರ್ಯಾದೆಯಾಗಿತ್ತು. ಪರರ ನಾಡಿಗೆ ಬಂದು, ಪರರ ಪಡಸಾಲೆಯಲ್ಲಿ ಕೂತು, ತನಗೆ ಗೊತ್ತಾದದ್ದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಹೇಳಬಾರದೆಂದು ಆ ಮನುಷ್ಯ ಪಟ್ಟ ಕಷ್ಟವನ್ನೆಲ್ಲ ನಾನು ಮೊರದಿಂದ ಹಾರಿಸಿದ್ದೆ. ಮನೆಗೆ ಬಂದವಳೇ ನನ್ನ ಚೆಂದದ ವಾಕ್ಯವನ್ನು ಹೊಡೆದು, ‘ಆಮೇಲೆ ನೋಡೋಣ ಎಂಬ ಮಾತು ಒಮ್ಮೊಮ್ಮೆ, ಆಡಿದವರನ್ನೂ ಹೊತ್ತನ್ನೂ ನೋಡಿಕೊಂಡು, ಬೇಡ ಎಂದೂ ಆಗಬಹುದು’ ಎಂದು ಬರೆದೆ. ಯಜಮಾನರಿಗೆ ಓದಿದೆ. “ಮೊದಲಿನದs ಚಂದ ಇತ್ತು” ಎಂದರು. ಚೆಂದ ಇತ್ತು, ನಿಜ. ಆಮೇಲೆ ಹಾರಿಸಿದ ಬಹುಶಃಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಅವುಗಳ ಜಾಗಕ್ಕೆ ಕೂರಿಸಿದೆ. ಅರ್ಧ ಪುಟಗಳು ಮತ್ತೆ ಪುಟಗಳಾದವು. ಪ್ರಕಾಶಕರು, “ಯಾಕ್ ಮೇಡಂ, ತಡಾ ಆತಲ್ಲ?” ಎಂದು ಕೇಳಿದಾಗ, ಇಂಗ್ಲಿಷ್ ಬಹಳ ಕಷ್ಟದ್ದಿದೆ ಎಂದೆ.

ದ್ರಾಕ್ಷಿ ಮುಗಿದವು, ಅವರು ಬಂದರು, ಮದುವೆಯೂ ಆಯಿತು. ಗೌರಿ ಈಗ ತಿಕೋಟಾದ ಸೊಸೆ, ಜೊತೆಗೆ ಸಂಶೋಧನೆಗೂ ಹೆಸರು ಹಚ್ಚಿದ್ದಾಳೆ. ಹಚ್ಚದೆ ಏನು ಮಾಡಿಯಾಳು? ಮೇಜು ಕಾಯುತ್ತಿತ್ತು, ಶಾಂತವ್ವನವರು ಬಂದವರಿಗೆಲ್ಲ ನಮ್ಮ ಸೊಸೆ ಓದುವವಳೆಂದು ಹೇಳಿಕೊಂಡು ಬಂದಿದ್ದರು. ವಾರಕ್ಕೊಮ್ಮೆಯಾದರೂ ಅವಳ ಫೋನು ಬರುತ್ತದೆ. “ಅತ್ತಿ, ‘ನಾಟ್ ಇನ್‌ಕನ್ಸಿಸ್ಟೆಂಟ್ ವಿತ್’ ಅಂದ್ರೇನು?” ‘ವಿರುದ್ಧವೇನೂ ಹೋಗುವುದಿಲ್ಲ, ಹಾಗಂತ ಹೌದು ಎಂದು ಸಾಧಿಸುವುದೂ ಇಲ್ಲ’ ಎಂದು ನಾನು ಬಿಡಿಸಿ ಹೇಳುತ್ತೇನೆ. ಒಂದು ‘ಇಲ್ಲ’ವನ್ನೂ ಕೇರುವುದಿಲ್ಲ. ಅವಳು ಬರೆದುಕೊಂಡು, ನಿಟ್ಟುಸಿರು ಬಿಟ್ಟು, ಫೋನ್ ಇಡುವ ಮೊದಲು ಪ್ರತಿ ಸಲವೂ ಒಂದು ಪ್ರಶ್ನೆ ಕೇಳುತ್ತಾಳೆ. “ಅಲ್ಲತ್ತಿ, ನಾ ಮುಂದ ಓದಬೇಕು ಅಂತ ನಮ್ಮತ್ತಿಗಿ ಹೇಳಿದವ್ರು ಯಾರು?”

“ಹೊತ್ತಾತವಾ, ಆಮ್ಯಾಲ ಹೇಳ್ತೀನಿ” ಎನ್ನುತ್ತೇನೆ. ಅದರ ಅರ್ಥ ಬಿಡಿಸಿ ಹೇಳಬೇಕೆಂದು ಅವಳು ಇವತ್ತಿನವರೆಗೆ ನನ್ನನ್ನು ಕೇಳಿಲ್ಲ.